ಪುಟ್ಟಮಲ್ಲಮ್ಮನ ಹಳದಿ ಕೈ

ನೀರು ಹುಯ್ದ ಕೂಸನ್ನು ಬಾಣಂತಿ ನೋಡಲು ಮನೆಗೆ ಬಂದ ನರ್ಸಮ್ಮ ಮಹದೇವಿಯ ಕೈಗಿತ್ತು ಪುಟ್ಟಮಲ್ಲಮ್ಮ ಹೆಮ್ಮೆಯಿಂದ ನಿಂತರು. ಎದೆಗಾನಿಸಿಕೊಂಡ ಕೂಸನ್ನು ಮಹದೇವಿ ಇಳಿಸುವಷ್ಟರಲ್ಲಿ ಅವಳ ಬಿಳಿ ಕೋಟಿನ ಮೇಲೆ ಇನ್ನೊಂದು ಹಳದಿ ಕೂಸು ಅಚ್ಚೊತ್ತಿತ್ತು; ತಲೆ, ಹೊಟ್ಟೆ, ಎರಡು ಕಾಲು ಸಮೇತ.

“ಇದೇನಜ್ಜಿ, ಕೂಸೋ ಒಬ್ಬಟ್ಟೋ?” ಎಂದು ನಕ್ಕವಳು ತಕ್ಷಣ ನಗು ನಿಲ್ಲಿಸಿದಳು. “ಆಸ್ಪತ್ರೆಯಿಂದ ಕಳಿಸ್ದಾಗ ಏನೇಳಿದ್ರು? ಒಸಿ ಕಾಮಾಲೆ ಅದೆ, ಹಳದಿ ಕಾಲ್‌ಗಂಟ ಇಳೀತದಾ ನೋಡ್ತಿರಿ ಅಂದಿದ್ರು. ಹಿಂಗೆ ಅರಿಶಿನ ಬಳ್ದ್‌ಬುಟ್ರೆ ಏನ ನೋಡದು?”

ಹೊನ್ನೂರಿನಲ್ಲಿ ಕೂಸಿಗೆ ನೀರು ಹುಯ್ಯಬೇಕೆಂದರೆ ಪುಟ್ಟಮಲ್ಲಮ್ಮನೇ ಬರಬೇಕು. ಅವರು ನೀಡಿದ ಕಾಲ ಮೇಲೆ ಮಲಗಿ, ಹರಳೆಣ್ಣೆ ಅರಿಶಿನ ತಿಕ್ಕಿಸಿಕೊಂಡೇ ಅರ್ಧ ಊರು ಎದ್ದು ನಡೆದಿದೆ. “ನನ್ ಕೈಲಿ ನೀರುಯ್ಯಿಸ್ಕಂಡ ಕೂಸ್ಗೆ ಕಾಮಾಲೆ ಬರಕ್ಕಿಲ್ಲ” ಎಂಬುದು ಅವರ ಖಾತರಿ. ಈಗಿನದು ಮೊಮ್ಮಗಳು ಶಿವರಂಜನಿಯ ಚೊಚ್ಚಲು. ಅಕ್ಕರೆಗೆ ತಕ್ಕಂತೆ ಅರಿಶಿನವೂ ಎರಡು ಪಟ್ಟು. ಅಜ್ಜಿಯ ಕೈಗುಣ ಊರಿಗೆಲ್ಲ ಗೊತ್ತಿತ್ತು, ಕೈಬಣ್ಣವನ್ನು ಯಾರೂ ಗಮನಿಸಿರಲಿಲ್ಲ.

“ಆಲು ಕುಡೀತದಾ?” ಮಹದೇವಿ ಕೇಳಿದಳು.

“ಬೆಳಗಿಂದ ಬಾಯೇ ತೆಗ್ದಿಲ್ಲ ಅಕ್ಕ. ಎಬ್ಬಿಸುದ್ರೂ ಏಳಲ್ಲ,” ಎಂದಳು ಶಿವರಂಜನಿ, ಬಾಣಂತಿ ಕೋಣೆಯ ಕತ್ತಲೊಳಗಿಂದ.

“ಸಾದು ಕೂಸು ಕಣವ್ವ. ಅವ್ವನ ನಿದ್ದೆ ಕೆಡಿಸಕ್ಕಿಲ್ಲ,” ಅಜ್ಜಿ ಬೀಗಿದರು.

ಮಹದೇವಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ನಡೆದಳು.

“ಗಾಳಿ ತಾಕ್ತದೆ, ಆಚ್ಗೆ ತಕಂಡೋಗ್‌ಬ್ಯಾಡ!”

“ತಾಕ್ಲಿ ಬುಡಿ.”

ಜಗಲಿಯ ಬೆಳಕಿನಲ್ಲಿ ಕಡಲೆಹಿಟ್ಟು ಹಾಕಿ ಅಂಗಾಲು ತೊಳೆದಳು. ಹಳದಿ ಹೋಗಲಿಲ್ಲ, ಅದು ಅರಿಶಿನದ್ದೋ ಕಾಮಾಲೆಯದೋ ಹೇಳಲಾಗಲಿಲ್ಲ. ಮಹದೇವಿ ಮೆಲ್ಲಗೆ ಕೂಸಿನ ರೆಪ್ಪೆ ಬಿಡಿಸಿದಳು.

“ಕಣ್ಣೊಳಕ್ಕೂ ಅಚ್ಚಿದ್ರಾ ಅಜ್ಜಿ?”

ಪುಟ್ಟಮಲ್ಲಮ್ಮ ಬಗ್ಗಿ ನೋಡಿದರು. ಬೆಳ್ಳಗಿರಬೇಕಾದದ್ದು ಹಳದಿಯಾಗಿತ್ತು. ಗಾಳಿಯ ಮಾತು ಬಿಟ್ಟು ತಾವೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಯಳಂದೂರಿಗೆ ಹೊರಟ ಆಟೊದಲ್ಲಿ ಕೂಸು ಅಜ್ಜಿಯ ಮಡಿಲಲ್ಲೇ ಇತ್ತು. ಅಳುವ ಕೂಸನ್ನು ಸುಮ್ಮನಾಗಿಸುವುದರಲ್ಲಿ ಹೆಸರಾದವರು ದಾರಿಯುದ್ದಕ್ಕೂ ಅದರ ಅಂಗಾಲು ತಟ್ಟುತ್ತ, “ಅಳ್ಳಾ ಮಗ, ಒಂದ್ಸಲ ಅಳು,” ಎಂದು ಗೋಗರೆದರು. ಆಟೊ ಹಳ್ಳಕ್ಕೆ ಬಿದ್ದೆದ್ದಿತು. ಶಿವರಂಜನಿ ಚೀರಿದಳು. ಕೂಸು ಮಾತ್ರ ಮಿಸುಕಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನಡಿ ಬರಿಮೈಯಲ್ಲಿ ಮಲಗಿಸಿದರು. ಕೂತರೆ ಕೂಸಿಗೇನಾಗುತ್ತದೋ ಎಂಬಂತೆ ಪುಟ್ಟಮಲ್ಲಮ್ಮ ಗಾಜಿನಾಚೆ ನಿಂತೇ ಇದ್ದರು. ಮಾರನೆಯ ದಿನ ಒಳಗಿನಿಂದ ವಾರ್ಡೆಲ್ಲ ಅದುರುವಂಥ ಅಳು ಬಂತು. ಶಿವರಂಜನಿ ಎದೆಗಿಟ್ಟುಕೊಂಡಳು, ಸಾಧು ಕೂಸು ಕಚ್ಚಿ ಹಿಡಿಯಿತು.

“ಇನ್ನು ಭಯವಿಲ್ಲ,” ಎಂದ ಡಾಕ್ಟರು ಅಜ್ಜಿಯತ್ತ ತಿರುಗಿದರು. “ಅಲ್ಲಾ ಅಜ್ಜಿ, ಇಷ್ಟು ವರ್ಷದಲ್ಲಿ ನಿಮ್ಮ ಕೈಯಲ್ಲಿ ಒಂದು ಕೂಸಿಗೂ ಕಾಮಾಲೆ ಬಂದಿಲ್ಲವಂತೆ, ನಿಜವಾ?”

ಪುಟ್ಟಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡರು.

“ಒಂದ್ಕೆ ಬಂದಿತ್ತು ಸಾ. ಆ ಮನೇಲಿ ಅರಿಶಿನ ಮುಗ್ದೋಗಿತ್ತು.”