ಒಡೆಯದ ಸಂಖ್ಯೆ

ನನ್ನ ಮಾವನಿಗೆ ಯಾವ ಸಂಖ್ಯೆ ಕಂಡರೂ ಅದು ಯಾವುದರಿಂದ ಭಾಗವಾಗುತ್ತದೆ ಅಂತ ಒಡೆದು ನೋಡಲೇಬೇಕು. ಬಣಕಲ್ ಬಸ್ಸಿನ ನಂಬರಾಗಲಿ, ಗೊಬ್ಬರದ ಚೀಲದ ಮೇಲಿನದಾಗಲಿ. ಏಳು, ಹನ್ನೊಂದು, ಹದಿಮೂರನ್ನು ಗುಣಿಸಿದರೆ ಸರಿಯಾಗಿ ಸಾವಿರದ ಒಂದು ಬರುತ್ತದೆ ಅಂತ ನನಗೆ ತೋರಿಸಿಕೊಟ್ಟವರು ಅವರೇ. ಹೊಸ ಸೊಸೆಗೆ ಕೊಟ್ಟ ಮೊದಲ ಉಡುಗೊರೆ ಅದು.

ಕೊಯ್ಲಿನ ದಿನಗಳಲ್ಲಿ ಅವರ ಕೆಲಸ ಕಣ ಕಾಯುವುದು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಲು ಹರವಿದ ಪಾರ್ಚ್‌ಮೆಂಟ್ ಕಾಫಿಯನ್ನು ನೋಡುತ್ತ ಕಣದಂಚಿನ ಮಾಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೋಡ ಕಂಡರೆ ಕೂಗುತ್ತಾರೆ, ನಾವು ಓಡಿ ಬಂದು ಟಾರ್ಪಾಲು ಹೊದಿಸುತ್ತೇವೆ. ಈ ಸಲ ಮೋಡಕ್ಕಿಂತ ಹೆಚ್ಚು ನನ್ನನ್ನೇ ಕೂಗುತ್ತಿದ್ದರು.

"ಇದು ಮುಗೀತು, ಇನ್ನೊಂದು ನಂಬರ್ ಹೇಳೇ ಮಾರಾಯ್ತಿ."

ನನಗೋ ಆಳುಗಳ ಅಡುಗೆ ಒಲೆಯ ಮೇಲಿತ್ತು. ತಲೆ ಕೆಟ್ಟುಹೋಗಿ ಮೊಬೈಲಿನಲ್ಲಿ ಹುಡುಕಿ ಒಂದು ಕೊಟ್ಟೆ: 9,99,983. ಹತ್ತು ಲಕ್ಷದೊಳಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಒಂದನ್ನೂ ಅದನ್ನೂ ಬಿಟ್ಟರೆ ಯಾವುದರಿಂದಲೂ ಭಾಗವಾಗದು. ಅದು ಖಚಿತವಾಗಬೇಕಾದರೆ ಹೆಚ್ಚುಕಡಿಮೆ ಸಾವಿರದವರೆಗೂ ಭಾಗಿಸುತ್ತ ಹೋಗಬೇಕು. "ಖಂಡಿತ ಒಡೆಯುತ್ತೆ, ನೋಡಿ ಮಾವ" ಅಂತ ಸುಳ್ಳು ಬೇರೆ ಹೇಳಿದೆ.

ಕೂಗು ನಿಂತಿತು. ಹಾಯಾಗಿ ಅಡುಗೆ ಮುಗಿಸಿದೆ. ಹೆಂಚಿನ ಮೇಲೆ ಮಳೆಯ ಸದ್ದು ಕೇಳಿ ಓಡಿದಾಗ, ಮಾವ ಹಳೆ ಕ್ಯಾಲೆಂಡರಿನ ಹಾಳೆಯ ಹಿಂದೆ ಇನ್ನೂ ಭಾಗಿಸುತ್ತಲೇ ಇದ್ದರು. ಎದುರಿಗೇ ಕಣದ ಕಾಫಿಯೆಲ್ಲ ನೆನೆಯುತ್ತಿತ್ತು.

"ಇನ್ನು ನೀವು ಕಣಕ್ಕೆ ಬರೋದು ಬೇಡ ಅಪ್ಪಯ್ಯ" ಅಂತ ನನ್ನ ಗಂಡ ಆಳುಗಳೆದುರೇ ದನಿಯೇರಿಸಿದರು. ನಾನು ಟಾರ್ಪಾಲು ಎಳೆಯುವುದರಲ್ಲೇ ಮುಳುಗಿದವಳ ಹಾಗೆ ನಟಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಾಫಿಯೇನೋ ಮತ್ತೆ ಒಣಗಿತು. ಮಾವ ಮಾತ್ರ ಒಳಗೇ ಕೂತುಬಿಟ್ಟರು. "ಎಲ್ಲೋ ಲೆಕ್ಕ ತಪ್ತಾ ಇದೆ. ನನ್ನ ತಲೆ ಹೋಯ್ತು ಅನ್ಸುತ್ತೆ" ಅಂದ ದಿನ ನನಗೆ ಊಟ ಸೇರಲಿಲ್ಲ. ಆದರೂ ನಿಜ ಹೇಳುವ ಧೈರ್ಯ ಬರದೆ, ಸಮಾಧಾನಕ್ಕೆ ಇನ್ನೊಂದು ಸಂಖ್ಯೆ ಕೊಟ್ಟೆ: 7,20,720. ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಪಾಪ, ಗೆದ್ದು ಖುಷಿಪಡಲಿ ಅಂತ.

ಲೋಟದ ಕಾಫಿ ಆರುವುದರೊಳಗೆ ಮುಗಿಸಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇದು ಮುಟ್ಟಿದಲ್ಲೆಲ್ಲ ಒಡೆಯುತ್ತೆ. ಅವತ್ತಿಂದು ಒಡೆಯೋದೇ ಅಲ್ಲ, ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಮಾವ."

ಅವರು ಬೈಯಲಿಲ್ಲ. ಹಾಳೆಯನ್ನು ನಿಧಾನವಾಗಿ ಮಡಚಿದರು.

"ಕೂಗಬೇಡಿ ಅಂದಿದ್ರೆ ಕೂಗ್ತಿರ್ಲಿಲ್ಲ ಮಗಾ."

ಅವತ್ತೇ ಗಂಡನಿಗೆ ಎಲ್ಲ ಹೇಳಿದೆ. ಮಾರನೆಯ ಬೆಳಿಗ್ಗೆ ಗಂಡನೇ ಕುರ್ಚಿಯನ್ನು ಮತ್ತೆ ಮಾಡಿನ ಕೆಳಗೆ ಹಾಕಿದರು. ಮಾವ ಈಗ ಕಣ ಕಾಯುತ್ತಾರೆ. ಮೋಡ ಬಂದರೆ ಮಾತ್ರ ಕೂಗುತ್ತಾರೆ.