ಹೇಸರಗತ್ತೆ ನಿಲ್ಲುತ್ತಿದ್ದ ಮೂಲೆ

"ಈ ಬಾತ್‌ಟಬ್ ಇಟ್ಟಿದ್ದಾರಲ್ಲ, ಇಂಥ ಮೂಲೆಯಲ್ಲೇ ನಮ್ಮ ಹೇಸರಗತ್ತೆ ನಿಲ್ಲುತ್ತಿತ್ತು" ಎಂದಳು ಕೆಳಗಿನ ಮನೆಯ ಫಿಲೊಮೆನಾ. ನನ್ನ ಫೋನು ಅವಳ ಕೈಯಲ್ಲಿತ್ತು. ಅದರಲ್ಲಿ ಇಟಲಿಯ ಮಟೇರಾ ಎಂಬ ಊರಿನ ಗುಹೆ ಹೋಟೆಲು: ಕಲ್ಲಿನ ಕಮಾನು, ಸಾಲು ಮೇಣದಬತ್ತಿ, ಮೂಲೆಯಲ್ಲಿ ಬಿಳಿ ತೊಟ್ಟಿ. ಬೇಸಿಗೆ ರಜೆಗೆ ನಾವು ಬುಕ್ ಮಾಡಿದ್ದ ಕೋಣೆ. ಇಟಲಿಯವಳಲ್ಲವೇ, ಖುಷಿಪಡಲಿ ಅಂತ ತೋರಿಸಿದ್ದೆ. ಅವಳು ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಎದ್ದು ಹೋಗಿ ತನ್ನ ಮನೆಯ ಬಾಗಿಲು ತೆರೆದು ನಿಂತಳು. ಹೊರಡು ಅನ್ನುವುದಕ್ಕೆ ಭಾಷೆ ಬೇಕಿಲ್ಲ ನೋಡಿ. ನಾನು ಹೊರಟೆ.

ದೇಶ ಬಿಟ್ಟು ವಾಲ್ನಟ್ ಕ್ರೀಕಿಗೆ ಬಂದು ಎರಡು ವರ್ಷ. ಗಂಡನಿಗೆ ಎಮರಿವಿಲ್‌ನಲ್ಲಿ ಆಫೀಸು, ಮಗಳಿಗೆ ಸ್ಕೂಲು, ನನಗೆ ನಾಲ್ಕು ಗೋಡೆ. ಹೊಸಪೇಟೆಯಲ್ಲಿ ಹಗಲು ಬಾಗಿಲು ಹಾಕಿಕೊಂಡರೆ "ಯಾಕವ್ವಾ, ಆರಾಮಿಲ್ಲೇನು" ಅಂತ ಮೂರು ಜನ ಬರುತ್ತಾರೆ. ಇಲ್ಲಿ ಬಾಗಿಲು ತೆರೆದಿಟ್ಟರೆ ಏನು ತೊಂದರೆ ಅಂತ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬರುತ್ತಾನೆ. ಇದೆಂಥ ಊರಪ್ಪ ಅಂತ ದಂಗಾಗಿ ಕೂತಿದ್ದ ದಿನಗಳಲ್ಲಿ, ನಾನು ರೊಟ್ಟಿ ಬಡಿಯುವ ಸದ್ದಿಗೆ ಈ ಮುದುಕಿ ಮೆಟ್ಟಿಲು ಹತ್ತಿ ಬಂದಳು. ಜಗಳಕ್ಕೇ ಬಂದಳು ಅಂದುಕೊಂಡೆ. "ಬ್ರೆಡ್ಡಾ?" ಎಂದಳು. ಬಿಸಿ ಜೋಳದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಅಡುಗೆಮನೆಯಲ್ಲೇ ಕೂತುಬಿಟ್ಟಳು. ಆಮೇಲೆ ಪ್ರತಿ ಗುರುವಾರ ನನ್ನ ರೊಟ್ಟಿ, ಅವಳ ಪಾಸ್ತಾ. ಅವಳನ್ನು ನೊನ್ನಾ ಅನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಅಜ್ಜಿ ಅಂತ. ಯಾವೂರು ಅಂದರೆ "ದಕ್ಷಿಣ" ಅನ್ನುವಳು, ಅಷ್ಟೇ. ಇಷ್ಟು ದೊಡ್ಡ ದೇಶದಲ್ಲಿ ನನ್ನವರು ಅಂತ ನನಗಿದ್ದದ್ದು ಅವಳೊಬ್ಬಳೇ.

ಇಟಲಿಯ ಹುಚ್ಚು ಹತ್ತಿಸಿದ್ದು ಇಲ್ಲಿನ ಕನ್ನಡದ ಗೆಳತಿಯರು. ಒಬ್ಬೊಬ್ಬರ ಫೋನಿನಲ್ಲೂ ಪೀಸಾದ ವಾಲುಗೋಪುರಕ್ಕೆ ಕೈ ಆನಿಸಿ ನಿಂತ ಫೋಟೊ, ವೆನಿಸ್ಸಿನ ದೋಣಿ, ರೋಮಿನ ಕೊಲೊಸಿಯಮ್. "ಎಲ್ಲರೂ ನೋಡಿದ್ದನ್ನೇ ಏನು ನೋಡೋದು, ನಾವು ಗುಹೆಯಲ್ಲಿ ಮಲಗೋಣ" ಅಂತ ನಮ್ಮವರು ಮಟೇರಾ ಹುಡುಕಿದ್ದರು. ಅದು ನೊನ್ನಾಳ ಊರು ಅಂತ ನಮಗೇನು ಗೊತ್ತು.

ಮೂರು ಗುರುವಾರ ಅವಳು ಬರಲಿಲ್ಲ. ಬೇಕಂತಲೇ ಜೋರಾಗಿ ರೊಟ್ಟಿ ಬಡಿದೆ. ಕೆಳಗಿನಿಂದ ಉಸಿರಿಲ್ಲ. ಇನ್ನು ಅವಳು ನನ್ನ ಮುಖ ನೋಡುವುದಿಲ್ಲ ಅನ್ನಿಸಿತು.

"ಕ್ಯಾನ್ಸಲ್ ಮಾಡಿಬಿಡೋಣ ರೀ" ಎಂದೆ.

"ಮೊದಲು ಹೋಗಿ ಮಾತಾಡು ಮಾರಾಯ್ತಿ" ಎಂದರು ಅವರು.

ನಾಲ್ಕನೇ ಗುರುವಾರ ರೊಟ್ಟಿ ಕಟ್ಟಿಕೊಂಡು ನಾನೇ ಇಳಿದು ಹೋದೆ. ಒಳಗೆ ಬಿಟ್ಟಳು. ಕೂತ ಮೇಲೆ ಮೆಲ್ಲಗೆ ಶುರುಮಾಡಿದಳು. "ಒಂದೇ ಗುಹೆ. ಒಂಬತ್ತು ಜನ, ಜೊತೆಗೆ ಹೇಸರಗತ್ತೆ. ಕೂಸು ಮಲಗುತ್ತಿದ್ದದ್ದು ಬಟ್ಟೆಯ ಡ್ರಾಯರಿನಲ್ಲಿ. ನಾನು ಹತ್ತು ವರ್ಷದವಳು. ಅಧಿಕಾರಿಗಳು ಬಂದು, ನೀವು ಹೀಗೆ ಬದುಕುವುದು ದೇಶಕ್ಕೇ ನಾಚಿಕೆ ಅಂತ ಹೇಳಿ ಲಾರಿ ಹತ್ತಿಸಿದರು. ಹೊಸ ಮನೆಯಲ್ಲಿ ನಲ್ಲಿಯಿತ್ತು, ಅಮ್ಮ ಕುಣಿದಳು. ಅಪ್ಪ ಹಗ್ಗ ಹಿಡಿದು ಬೀದಿಯಲ್ಲೇ ನಿಂತಿದ್ದ. ಹೇಸರಗತ್ತೆಗೆ ಅಲ್ಲಿ ಜಾಗವಿರಲಿಲ್ಲ." ಒಂದು ಗುಟುಕು ನೀರು ಕುಡಿದು, "ನಾವಿದ್ದರೆ ನಾಚಿಕೆ, ನೀವು ಮಲಗಿದರೆ ರಜೆ" ಎಂದಳು.

ನನ್ನ ಕಪಾಳಕ್ಕೆ ಹೊಡೆದಂತಾಯಿತು. ಈ ಊರಲ್ಲಿ ಮನೆಯವರ ಹೊರತು ಯಾರಿಗೂ ಹೇಳದ್ದನ್ನು ಆಗ ಅವಳಿಗೆ ಹೇಳಿದೆ. ಕೇಳಿದವರಿಗೆಲ್ಲ ಹೊಸಪೇಟೆ ಅನ್ನುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ. ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿ, ನೀಲಿ ಸುಣ್ಣ ಬಳಿದು, ಕಂಬಕ್ಕೇ ತೊಟ್ಟಿಲ ಹಗ್ಗ ಕಟ್ಟಿಕೊಂಡಿದ್ದ ಮನೆ. ಸ್ಮಾರಕ ಹಾಳಾಗುತ್ತದೆ ಅಂತ ಸರ್ಕಾರದವರು ನಮ್ಮನ್ನು ಒಕ್ಕಲೆಬ್ಬಿಸಿದರು. ಗೋಡೆ ಹೋದವು, ಕಂಬ ಉಳಿದವು. ಅಮ್ಮ ಒಲೆ ಊದುವುದನ್ನು ಫೋಟೊ ಹೊಡೆಯಲು ಬಂದ ಪ್ರವಾಸಿಗಳನ್ನು ಬೈದು ಓಡಿಸುತ್ತಿದ್ದವಳು ನಾನು. ಅದೇ ನಾನು ಇನ್ನೊಬ್ಬಳ ಮನೆಯ ಫೋಟೊ ಅವಳ ಮುಖಕ್ಕೇ ಹಿಡಿದು "ಎಷ್ಟು ಚೆನ್ನಾಗಿದೆ ನೋಡು" ಅಂದಿದ್ದೆ. ನೆನೆದರೆ ಈಗಲೂ ಹಿಡಿಯಷ್ಟಾಗುತ್ತೇನೆ.

ನೊನ್ನಾ ರೊಟ್ಟಿಯ ಗಂಟು ಬಿಚ್ಚಿದಳು. "ಹೋಗು, ಫೀಲ್ಯಾ" ಎಂದಳು, ಮಗಳೇ ಅಂತ. "ಹೋಗಿ ಮಲಗಿ ಬಾ. ಈ ಮಂಡಿ ಇಟ್ಟುಕೊಂಡು ನನ್ನ ಕೈಲಿ ಆಗೋದಿಲ್ಲ."

ಹೋದೆವು. ಕೋಣೆಯ ತುಂಬ ಮೆಲುದನಿಯ ಸಂಗೀತ, ಎಂಥದೋ ಹೂವಿನ ವಾಸನೆ. ತೊಟ್ಟಿಯ ಪಕ್ಕದ ಗೋಡೆಯಲ್ಲಿ, ಹಗ್ಗ ಕಟ್ಟಲು ಕಲ್ಲಿನಲ್ಲೇ ಕೊರೆದ ಬಳೆ ಹಾಗೇ ಇತ್ತು. ಅದಕ್ಕೆ ಬಿಳಿ ಟವೆಲ್ ನೇತುಹಾಕಿದ್ದರು. ನನಗೆ ಅದನ್ನು ಮುಟ್ಟಲು ಕೈ ಬರಲಿಲ್ಲ.

ಮಗಳು ನೊರೆಯೊಳಗೆ ಕೂತು ಕೇಳಿದಳು, "ಅಮ್ಮ, ನಿನ್ ಹಂಪಿ ಹೌಸ್ ಕೂಡ ಬುಕ್ ಮಾಡಬಹುದಾ?"

"ಇಲ್ಲ ಮರಿ, ಅಲ್ಲಿ ಈಗ ಬರೀ ಕಂಬ" ಎಂದೆ. ನಮ್ಮವರು ಕ್ಯಾಮೆರಾ ಕೆಳಗಿಟ್ಟರು.

ವಾಪಸು ಬಂದ ಮೇಲಿನ ಮೊದಲ ಗುರುವಾರ ವಾಲ್ನಟ್ ಕ್ರೀಕಿನಲ್ಲಿ ಸುಡುಬಿಸಿಲು. ಎಸಿ ಹಾಕಿದ್ದರೂ ಮನೆ ಕಾದ ಹಂಚಿನಂತಿತ್ತು. ರೊಟ್ಟಿ ಬಡಿಯಲು ಶುರುಮಾಡಿದ್ದೆ, ಮೆಟ್ಟಿಲ ಮೇಲೆ ನೊನ್ನಾಳ ಹೆಜ್ಜೆ ಕೇಳಿಸಿತು. ಬಂದು ಕೂತಳು. ಫೋಟೊ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

"ಒಳಗೆ ತಂಪಿತ್ತಾ?" ಎಂದಳು.

"ತಂಪಿತ್ತು ನೊನ್ನಾ."

"ಹೌದು. ಎಂಥ ಬೇಸಿಗೆಯಲ್ಲೂ ನಮ್ಮ ಮನೆ ತಂಪು."

"ಹಂಪಿಯ ನಮ್ಮನೆಯೂ ಹಾಗೇ" ಎಂದೆ, ಅವಳ ತಟ್ಟೆಗೆ ರೊಟ್ಟಿ ಹಾಕುತ್ತಾ.