ಒಲೆಯ ಮುಂದಿನ ಇಂಗ್ಲಿಷ್ ಪಾಠ

ಪರದೇಶದವರಿಗೆ ಇಂಗ್ಲಿಷ್ ಕಲಿಸುವ ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಬಸವಕಲ್ಯಾಣದ ನಮ್ಮ ನಡುಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಾ ಸಂಜೆ ಸಮುದ್ರ ದಾಟುತ್ತೇನೆ, ಪಾಠ ಮುಗಿಸಿ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ ವಾಪಸು ಬಂದಿರುತ್ತೇನೆ. ಪರದೆಯಲ್ಲಿ ಕಾಣುವಷ್ಟು ಗೋಡೆಗೆ ಮಾತ್ರ ಸುಣ್ಣ ಬಳಿಸಿದ್ದೇನೆ. ಮಿಕ್ಕ ಗೋಡೆ ನೋಡುವವರು ನಮ್ಮ ಊರಿನವರೇ, ಅವರಿಗೆ ನಮ್ಮ ಸಂಗತಿ ಗೊತ್ತು.

ಹುಮನಾಬಾದಿನ ಕಾಲೇಜಿನಿಂದ ನಿವೃತ್ತಳಾದಾಗ ದೊಡ್ಡ ನಿರಾಳವೆನಿಸಿತ್ತು. ಬೆಳಗಿನ ಬಸ್ಸಿಗೆ ಓಡಬೇಕಿಲ್ಲ, ಹಾಜರಿ ಕೂಗಬೇಕಿಲ್ಲ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ! ಊಟಕ್ಕೆ ಕೂತ ನಮ್ಮ ಯಜಮಾನರಿಗೆ ಇಂಗ್ಲಿಷ್ ಕವಿತೆಗಳ ಅರ್ಥ ಬಿಡಿಸಿ ಹೇಳತೊಡಗಿದೆ. ಮೂರನೆಯ ತುತ್ತಿಗೇ ಅವರು ನನ್ನ ತಂಗಿಯ ಮಗಳಿಗೆ ಫೋನ್ ಹಚ್ಚಿದರು: “ನಿಮ್ಮ ದೊಡ್ಡವ್ವಗ ಎಲ್ಲೆರ ಒಂದ್ ಸಾಲಿ ಹುಡುಕಿ ಕೊಡು ತಾಯಿ. ನನ್ನ ಜೀವ ಉಳೀತದ.” ಅವಳು ಹುಡುಕಿಕೊಟ್ಟ ಸಾಲಿಗೆ ಗೋಡೆಯಿಲ್ಲ, ಗಂಟೆಯಿಲ್ಲ, ಮಕ್ಕಳೂ ಇಲ್ಲ. ಬರುವವರೆಲ್ಲ ದೊಡ್ಡವರು. ಬ್ರೆಜಿಲಿನ ದಂತವೈದ್ಯೆ, ಪೋಲೆಂಡಿನಲ್ಲಿ ಟ್ರಾಮ್ ಓಡಿಸುವ ಅಜ್ಜಿ, ಟರ್ಕಿಯ ಅಡುಗೆಯವರು ಒಬ್ಬರು.

ದೊಡ್ಡವರಿಗೆ ಭಾಷೆ ಕಲಿಸುವುದು ಸಣ್ಣ ಕೆಲಸವಲ್ಲ. ಮಗು ತಪ್ಪು ಮಾತಾಡಿದರೆ ಮನೆಮಂದಿಯೆಲ್ಲ ಮುದ್ದಿಸುತ್ತಾರೆ. ಐವತ್ತು ದಾಟಿದವರು ತಪ್ಪು ಮಾತಾಡಿದರೆ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಾರೆ. ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವ ಮನುಷ್ಯ ಇನ್ನೊಂದು ಭಾಷೆಯ ಬಾಗಿಲಿಗೆ ಬಂದಾಗ ತನ್ನ ವಯಸ್ಸು, ಅನುಭವ, ಮೀಸೆ ಎಲ್ಲವನ್ನೂ ಚಪ್ಪಲಿಯ ಜೊತೆಗೆ ಹೊರಗೆ ಬಿಟ್ಟು ಒಳಗೆ ಬರಬೇಕು. ಇದು ನನಗೆ ತಿಳಿದದ್ದು ಆ ಅಡುಗೆಯವರಿಂದ.

ಅವರ ಹೆಸರು ಸೆಲಿಮ್. ನಮ್ಮ ಕಡೆಯ ಸಲೀಮನೇ ಅಲ್ಲಿ ಹಾಗಾಗಿದ್ದಾನೆ. ಸಮುದ್ರ ದಂಡೆಯ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರಾಗಿದ್ದರು, ಹೋಟೆಲು ಮುಚ್ಚಿತು. ಈಗ ಪ್ರಯಾಣಿಕರ ಹಡಗಿನಲ್ಲಿ ಕೆಲಸಕ್ಕೆ ಪ್ರಯತ್ನಿಸುತ್ತಿದ್ದರು, ಅದಕ್ಕೆ ಇಂಗ್ಲಿಷಿನಲ್ಲಿ ಸಂದರ್ಶನ. ಈಗಾಗಲೇ ಎರಡು ಕಂಪನಿಯವರ ಎದುರು ಬಾಯಿ ಕಟ್ಟಿ ವಾಪಸು ಬಂದಿದ್ದರು. ಇದೂ ತಪ್ಪಿದರೆ ಹೆಂಡತಿಯ ತಮ್ಮನ ಅಂಗಡಿಯಲ್ಲಿ ಮೊಳೆ ತೂಗುತ್ತಾ ಕೂಡಬೇಕು. ಇಷ್ಟು ವಿಷಯ ನನಗೆ ತಿಳಿಯಲು ಒಂದು ತಿಂಗಳು ಹಿಡಿಯಿತು. ಯಾಕೆಂದರೆ ಏನು ಕೇಳಿದರೂ ಅವರ ಉತ್ತರ ಒಂದೇ: “ಸಾರಿ, ಟೀಚರ್.” ಪುಸ್ತಕದಲ್ಲಿದ್ದ ಪ್ರಶ್ನೆಗಳೂ ಹಾಗೇ ಇದ್ದವು. ನಿಮ್ಮ ಶಕ್ತಿ ಏನು? ದೌರ್ಬಲ್ಯ ಏನು? ಐದು ವರ್ಷದ ನಂತರ ಎಲ್ಲಿರುತ್ತೀರಿ? ನನ್ನನ್ನೇ ಕೇಳಿದ್ದರೆ ನಾನೂ ಸಾರಿ ಎನ್ನುತ್ತಿದ್ದೆ. ಪಾಠ ಮುಗಿದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಈ ಮನುಷ್ಯನ ಬದುಕು ನನ್ನ ಕೈಯಲ್ಲಿದೆ, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಚಿಂತೆ.

ಒಂದು ಸಂಜೆ ಕೊನೆಯ ಜೋಳದ ರೊಟ್ಟಿಯನ್ನು ತವಾಕ್ಕೆ ಹಾಕಿದ್ದೆ, ಅಷ್ಟರಲ್ಲಿ ಪಾಠದ ಹೊತ್ತಾಯಿತು. ಬಂದು ಕೂತವಳು ರೊಟ್ಟಿಯನ್ನು ಮರೆತೇಬಿಟ್ಟೆ. ನಿಮ್ಮ ಶಕ್ತಿ ಏನು ಎಂದು ಕೇಳುತ್ತಿದ್ದಂತೆ ಸೆಲಿಮ್ ಅವರ ಕಣ್ಣು ನನ್ನ ಹೆಗಲಾಚೆ, ಅಡುಗೆಮನೆಯ ತೆರೆದ ಬಾಗಿಲಿನತ್ತ ಹೋಯಿತು. ಆಸಾಮಿ ಕುರ್ಚಿಯಿಂದ ಎದ್ದೇಬಿಟ್ಟರು. “ಟೀಚರ್! ಹಿಂದೆ ನೋಡಿ! ಹೊಗೆ! ತವಾ, ತವಾ! ಮೊದಲು ಗ್ಯಾಸ್ ಬಂದ್ ಮಾಡಿ! ನೀರು ಹಾಕಬೇಡಿ! ಬಟ್ಟೆ ತಗೊಂಡು ಹಿಡೀರಿ, ಬರಿಗೈಲಿ ಮುಟ್ಟಬೇಡಿ!” ಎಲ್ಲವೂ ಇಂಗ್ಲಿಷಿನಲ್ಲಿ! ತವಾ ಎಂಬುದೊಂದೇ ಅವರ ಭಾಷೆಯದು, ಅದು ನಮ್ಮದೂ ಹೌದು. ನಿಜಾಮರ ಕಾಲದಿಂದ ನಮ್ಮ ಬಾಯಲ್ಲಿರುವ ಪಾರಸಿ ಮಾತುಗಳು ಅತ್ತ ಟರ್ಕಿಗೂ ಹೋಗಿವೆಯಂತೆ. ಚಹಾ, ಸಾಬೂನು, ದುಕಾನು, ದೋಸ್ತಿ ಎಲ್ಲ ಅಲ್ಲಿಯೂ ಹೆಚ್ಚುಕಡಿಮೆ ಹಾಗೇ ನಡೆಯುತ್ತವೆ. ಆದರೆ ಆ ವಿದ್ವತ್ತೆಲ್ಲ ಆಮೇಲೆ ಹೊಳೆದದ್ದು. ಆಗ ನಾನು ಅಡುಗೆಮನೆಗೆ ಓಡಿದೆ.

ಹೊಗೆ ಹೊರಗೆ ಬಿಟ್ಟು ಬಂದಾಗ ಅವರು ಇನ್ನೂ ನಿಂತೇ ಇದ್ದರು. ತಾವು ವಿದ್ಯಾರ್ಥಿಯೆಂಬುದು ಜ್ಞಾಪಕಕ್ಕೆ ಬಂದವರಂತೆ ಕೂತು “ಸಾರಿ, ಟೀಚರ್” ಎಂದರು. ನನಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯನಿಗೆ ಇಂಗ್ಲಿಷ್ ಬರುತ್ತದೆ! ಉತ್ತರ ಕೊಡುವ ಇಂಗ್ಲಿಷ್ ಬರುವುದಿಲ್ಲ, ಅಪ್ಪಣೆ ಕೊಡುವ ಇಂಗ್ಲಿಷ್ ಬರುತ್ತದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮರುದಿನದಿಂದ ಲ್ಯಾಪ್‌ಟಾಪು ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಏರಿತು. ಸೆಲಿಮ್ ಹೇಳುವುದು, ನಾನು ಮಾಡುವುದು. ಮೋರಖಂಡಿಯಿಂದ ಬರುವ ಎಳೆ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಮೊಸರು ಬೆಳ್ಳುಳ್ಳಿ ಕಲಸುವಷ್ಟರಲ್ಲಿ ಎಷ್ಟು ಬೈಗುಳ! ಈರುಳ್ಳಿ ದಪ್ಪ ಆಯಿತು, ಉರಿ ಹೆಚ್ಚಾಯಿತು, ಚಾಕು ಹಿಡಿಯುವುದು ಹೀಗಲ್ಲ. ಯಾಕೆ ಎಂದು ನಾನು ಕೇಳಬೇಕು, ಅವರು ವಿವರಿಸಬೇಕು. ನಾನು ಬೇಕೆಂದೇ ತಪ್ಪು ಮಾಡುತ್ತೇನೆಂದು ಅವರು ತಿಳಿದಿದ್ದರು. ಅಂಥ ಬುದ್ಧಿವಂತಿಕೆ ನನಗೆಲ್ಲಿಂದ ಬರಬೇಕು? ಅವೆಲ್ಲ ನನ್ನ ಅಸಲಿ ತಪ್ಪುಗಳು.

ಬಾಜೂ ಮನೆಯ ಶಾಂತಾಬಾಯಿ ಒಂದು ದಿನ ಮೊಸರು ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. “ಯಾರ್ರಿ ಅಕ್ಕಾ ಅವ್ರು? ನಿಮ್ಗ ಹಿಂಗ ಬೈಯಾಕತ್ತಾರ?”

“ನನ್ನ ವಿದ್ಯಾರ್ಥಿ.”

“ವಿದ್ಯಾರ್ಥಿಗಿ ಇಷ್ಟು ದೊಡ್ಡ ಮೀಸಿ?” ಎಂದು ಸೆರಗು ಸರಿಮಾಡಿಕೊಂಡು ಅಲ್ಲೇ ಕೂತಳು. ನಮ್ಮ ಯಜಮಾನರಂತೂ ತಟ್ಟೆ ಹಿಡಿದು ಬಂದು “ಸಲೀಂ ಸಾಹೇಬ್ರ ಸಾಲಿ ಬಿಡ್ತೇನು? ಹೊಟ್ಟಿ ಚುರ್ ಅನ್ನಾಕತ್ತದ” ಎನ್ನುವುದು ರೂಢಿಯಾಯಿತು. ನನ್ನ ಕವಿತೆಯ ತೊಂದರೆ ತಪ್ಪಿದ್ದಕ್ಕೋ, ಬದನೆಕಾಯಿಯ ರುಚಿಗೋ, ಮೈಯಲ್ಲಿ ಒಂದಿಷ್ಟು ದಪ್ಪವೂ ಆದರು.

ಸಂದರ್ಶನದ ದಿನ ನಾನು ಊರಲ್ಲಿರಲಿಲ್ಲ. ಮನ್ನಾಏಖೇಳ್ಳಿಯಲ್ಲಿ ನೆಂಟರ ಮಗಳ ಕುಬಸ. ಬಸುರಿಗೆ ಆರತಿ ಎತ್ತುವಾಗಲೂ ನನ್ನ ಮನಸ್ಸು ಟರ್ಕಿಯಲ್ಲಿತ್ತು. ಪುಸ್ತಕದ ಪ್ರಶ್ನೆ ಕೇಳಿ, ಅವರ ಬಾಯಿ ಮತ್ತೆ ಕಟ್ಟಿದರೆ? ಪುಸ್ತಕವನ್ನು ಬಿಟ್ಟು ನಾನು ಒಲೆಯ ಮುಂದೆ ಕುಣಿದದ್ದೇ ತಪ್ಪಾಯಿತೇ? ವಾಪಸು ಬರುತ್ತ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಾಗ ಸೆಲಿಮ್ ಅವರ ಧ್ವನಿಸಂದೇಶ ಬಂತು. ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿಗೆ ಬೆರಳಿಟ್ಟು ಕೇಳಿದೆ.

ಕೆಲಸ ಸಿಕ್ಕಿತ್ತು. ಶಕ್ತಿ, ದೌರ್ಬಲ್ಯದ ಪ್ರಶ್ನೆಗಳಿಗೆ ಅರ್ಧಂಬರ್ಧ ತೊದಲಿದ್ದರಂತೆ. ಆಮೇಲೆ ಕಂಪನಿಯವರು ಕೇಳಿದರಂತೆ: ಭಾಷೆ ಬೇರೆ, ದೇಶ ಬೇರೆ ಇರುವವರಿಂದ ಕೆಲಸ ಮಾಡಿಸಿ ಗೊತ್ತೇ? ಸೆಲಿಮ್ ಹೇಳಿದ್ದು ಇದು: “ಗೊತ್ತು. ಇಂಡಿಯಾದಲ್ಲಿ ನನಗೆ ಒಬ್ಬಳು ಸಹಾಯಕಿ ಇದ್ದಾಳೆ. ಕೈ ಬಹಳ ನಿಧಾನ. ಈರುಳ್ಳಿ ಹೆಚ್ಚಲು ಇನ್ನೂ ಬರುವುದಿಲ್ಲ. ಆದರೆ ಹೇಳಿದ್ದನ್ನು ಪೂರ್ತಿ ಕೇಳುತ್ತಾಳೆ. ಅಂಥವರಿಗೆ ಏನು ಬೇಕಾದರೂ ಕಲಿಸಬಹುದು.”

ಇಷ್ಟು ವರ್ಷ ಪಾಠ ಹೇಳಿದ್ದೇನೆ, ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಪಕ್ಕದಲ್ಲಿ ಕೂತಿದ್ದ ಮುದುಕಿ ಗಾಬರಿಯಾಗಿ ನನ್ನ ಮೊಣಕೈ ಹಿಡಿದಳು. “ಏನಾತ್ರಿ ಬಾಯಿ? ಯಾಕ ಅಳಾಕತ್ತೀರಿ?”

“ಛಲೋ ಸುದ್ದಿನೇ ಅದ ಅವ್ವಾ. ನೌಕರಿ ಸಿಕ್ತು.”

“ಯಾರಿಗ್ರಿ? ಮಗಗೇನು?”

“ಅಲ್ಲವ್ವಾ,” ಎಂದೆ, “ನಮ್ಮ ಉಸ್ತಾದರಿಗೆ.”